ಕಣದ ಕೆಳಗಿನ ಸದ್ದು

ಸುದೀಪಣ್ಣ ಹೇಗೆ ಹೋದ ಎಂದು ನಮ್ಮಮ್ಮನ ಮುಂದೆ ಯಾರಾದರೂ ಕೇಳಿದರೆ ‘ಒಳಗೆ ಗಾಳಿ ಮುಗಿದಿತ್ತು’ ಎನ್ನಬೇಕು, ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ಹೀಗೆಂದು ನನಗೂ ನನ್ನ ತಮ್ಮ ಸತೀಶನಿಗೂ ಒಪ್ಪಂದವಾಗಿತ್ತು. ನಮ್ಮಿಬ್ಬರನ್ನು ಬಿಟ್ಟರೆ ನಿಜ ಗೊತ್ತಿದ್ದದ್ದು ಮಡಿಕೇರಿಯ ಒಬ್ಬ ಮೇಷ್ಟ್ರಿಗೆ ಮಾತ್ರ. ತಿಥಿಗೆ ಬಂದ ನೆಂಟರಿಗೆ, ಕನಿಕರ ತೋರಿಸುವ ನೆಪದಲ್ಲಿ ಬಾಯಿ ಬಿಡಿಸಲು ಬಂದ ಅಕ್ಕಪಕ್ಕದವರಿಗೆ, ಎಲ್ಲರಿಗೂ ಅದೇ ಪಾಠ ಒಪ್ಪಿಸಿದೆವು. ಸುಳ್ಳು ಹೇಳಲು ನನಗೆ ಒಂದು ದಿನವೂ ನಾಚಿಕೆಯಾಗಲಿಲ್ಲ. ನಮ್ಮಮ್ಮ ಬದುಕಿ ಉಳಿಯಬೇಕಾದರೆ ಆ ಸುಳ್ಳೂ ಉಳಿಯಬೇಕಿತ್ತು.

ನಮ್ಮ ಮನೆ ಕುಶಾಲನಗರದ ಹತ್ತಿರ. ಅಪ್ಪ ಸಣ್ಣಸ್ವಾಮಿ ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಶುಂಠಿ, ಜೋಳ ಹಾಕಿಕೊಂಡಿದ್ದವನು, ಯಾರೋ ಬಾವಿಗೆ ಬೀಳಿಸಿಕೊಂಡ ಮೋಟಾರನ್ನು ಒಮ್ಮೆ ಮುಳುಗಿ ಎತ್ತಿಕೊಟ್ಟ. ಅಲ್ಲಿಂದ ಅದೇ ಕಸುಬಾಯಿತು. ಜಿಲ್ಲೆಯ ಯಾವ ಎಸ್ಟೇಟಿನ ಕೆರೆಯಲ್ಲಿ ಪಂಪು ಕೈಕೊಟ್ಟರೂ, ಪೈಪಿನ ಬಾಯಿಗೆ ಬೇರು-ಕಸ ಸಿಕ್ಕಿಕೊಂಡರೂ ನಮ್ಮ ಮನೆಗೆ ಫೋನು ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ-ತಮ್ಮ ಅದನ್ನೇ ಮುಂದುವರಿಸಿದರು. ಒಬ್ಬ ಕೆಳಗೆ, ಒಬ್ಬ ಮೇಲೆ. ಕೆಳಗಿನವನ ಬಾಯಲ್ಲಿ ಕಂಪ್ರೆಸರಿನ ಗಾಳಿಪೈಪು, ಮೇಲಿನವನ ಕೈಯಲ್ಲಿ ದೊಡ್ಡದೊಂದು ಸ್ಪ್ಯಾನರು. ಮೇಲಿನವನು ನೀರಿಗಿಳಿದ ಕಬ್ಬಿಣದ ಪೈಪಿಗೆ ಟಣ್, ಟಣ್ ಎಂದು ಕುಟ್ಟುತ್ತ ನಿಂತಿರುತ್ತಿದ್ದ. ಯಾಕೆ ಕುಟ್ಟುತ್ತಾರೆ ಎಂದು ನಾನು ಕೇಳಿದವಳಲ್ಲ. ನಾನು ಕುಶಾಲನಗರದ ಗೊಬ್ಬರದಂಗಡಿಯಲ್ಲಿ ಬಿಲ್ ಬರೆಯುವವಳು, ನನಗೆ ಅವರ ಕಸುಬಿನ ಗೊಡವೆ ಇರಲಿಲ್ಲ. ಕೆಳಗಿರುವವನಿಗೆ ಧೈರ್ಯಕ್ಕಿರಬೇಕು ಅಂದುಕೊಂಡಿದ್ದೆ. ಅಮ್ಮನೂ ಹಾಗೇ ತಿಳಿದಿದ್ದಳು.

ಸುದೀಪಣ್ಣನ ಬಗ್ಗೆ ಹೇಳಬೇಕು. ಕತ್ತಲ ನೀರಿಗೆ ನಗುತ್ತ ಇಳಿಯುವವನು ಹಲ್ಲಿಗೆ ಹೆದರುತ್ತಿದ್ದ. ಬಚ್ಚಲಲ್ಲಿ ಹಲ್ಲಿ ಕಂಡರೆ ಟವೆಲು ಸುತ್ತಿಕೊಂಡು ಹೊರಗೆ ಬಂದು ನನ್ನನ್ನು ಕರೆಯುತ್ತಿದ್ದ, ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಅಮ್ಮನನ್ನು ‘ಯಜಮಾನ್ರೇ’ ಎಂದು ಕರೆದು ರೇಗಿಸುತ್ತಿದ್ದ. ನಾಪೋಕ್ಲಿನಲ್ಲಿ ಒಂದು ಹುಡುಗಿಯನ್ನು ನೋಡಿಕೊಂಡು ಬಂದಿದ್ದೆವು, ಎರಡೂ ಕಡೆಗೆ ಒಪ್ಪಿಗೆಯಾಗಿತ್ತು. ಆ ಹುಡುಗಿಗೂ ಹಲ್ಲಿ ಕಂಡರೆ ಭಯವಂತೆ, ಇನ್ನು ಈ ಮನೆಯ ಗತಿ ಏನು ಎಂದು ನಾನು ನಕ್ಕಿದ್ದೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಬಾಯಿಗೆ ಬೆಂಕಿ ಹಾಕಿಕೊಳ್ಳೋಣ ಅನ್ನಿಸುತ್ತದೆ.

ಅದು ಕಾಫಿ ಹೂವಿಗೆ ನೀರು ಹಾರಿಸುವ ಕಾಲ. ಮೂರ್ನಾಡಿನ ಆಚೆ ಬೊಳ್ಳಮ್ಮ ಎನ್ನುವವರ ಎಸ್ಟೇಟು. ಅಲ್ಲಿ ಕೆರೆಯ ಪಕ್ಕಕ್ಕೇ ಕಾಫಿ ಒಣಗಿಸುವ ಸಿಮೆಂಟಿನ ಕಣ, ಆ ಕಣದ ಕೆಳಗೆ ಬ್ರಿಟಿಷರ ಕಾಲದ ದೊರೆಯೊಬ್ಬ ಕಟ್ಟಿಸಿದ ನೀರಿನ ತೊಟ್ಟಿ. ತೊಟ್ಟಿ ಅಂದರೆ ಸಣ್ಣದಲ್ಲ. ಕಣ ಎಷ್ಟು ಅಗಲವೋ ತೊಟ್ಟಿಯೂ ಅಷ್ಟೇ ಅಗಲ, ಸುತ್ತ ಕಲ್ಲಿನ ಗೋಡೆ, ಒಳಗೆ ಕಲ್ಲಿನ ಕಂಬಗಳು, ಮೇಲೆ ಕಮಾನು. ಕೆರೆಯಿಂದ ಅದರೊಳಕ್ಕೆ ಒಬ್ಬ ಮನುಷ್ಯ ತೆವಳಿಕೊಂಡು ಹೋಗುವಷ್ಟು ಒಂದು ಕಲ್ಲಿನ ಬಾಯಿ. ಪಂಪಿನ ಪೈಪು ಇಳಿದಿರುವುದು ಆ ತೊಟ್ಟಿಗೆ. ಪಂಪು ನೀರೆಳೆಯುವುದನ್ನು ನಿಲ್ಲಿಸಿತ್ತು. ಅಣ್ಣ ಕೆರೆಯ ಕಡೆಯಿಂದ ಆ ಬಾಯಿಯೊಳಗೆ ನುಸುಳಿ ಹೋಗಿ ಪೈಪಿನ ಕಸ ಬಿಡಿಸಿದ. ಹಿಂದಿರುಗುವ ಹೊತ್ತಿಗೆ ಆ ಬಾಯಿಯ ಮೇಲಿನ ಅಡ್ಡಗಲ್ಲು ಕುಸಿದು ಬಿತ್ತು. ಗಾಳಿಪೈಪು ಕಲ್ಲಿನಡಿಗೆ ಸಿಕ್ಕಿ ಜಜ್ಜಿಹೋಯಿತು, ದಾರಿ ಮುಚ್ಚಿಹೋಯಿತು.

ನನಗೆ ಫೋನು ಬಂದಾಗ ಅಣ್ಣ ಸತ್ತ ಎಂದೇ ತಿಳಿದೆ. ಅಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಎಸ್ಟೇಟಿನ ಗೇಟಿನ ಹತ್ತಿರ ಅಲ್ಲಿನ ಲೆಕ್ಕ ಬರೆಯುವ ರೈಟರ್ ಚಿದಾನಂದ ಎದುರು ಬಂದು, “ಜೀವ ಇದೆ ಕಣಮ್ಮ, ಒಳಗಿಂದ ಕುಟ್ತಾ ಇದ್ದಾನೆ,” ಎಂದ. ಅಮ್ಮ ಆಗ ಅತ್ತಳು.

ಹೌದು, ಕುಟ್ಟುತ್ತಿದ್ದ. ಕಮಾನಿನ ಕೆಳಗೆ ನೀರು ಮುಟ್ಟದ ಜಾಗ ಎಲ್ಲೋ ಸಿಕ್ಕಿತ್ತು, ಅಲ್ಲಿ ಗಾಳಿಯಿತ್ತು, ಅಲ್ಲಿಂದ ಕಲ್ಲಿಗೆ ಸ್ಪ್ಯಾನರಿನಲ್ಲಿ ಹೊಡೆಯುತ್ತಿದ್ದ. ಪಂಪ್‌ಹೌಸಿನಲ್ಲಿ ಸತೀಶ ಪೈಪಿಗೆ ಕುಟ್ಟುತ್ತ ನಿಂತಿದ್ದ. ಇವನು ಹೊಡೆದರೆ ಕೆಳಗಿನಿಂದ ಉತ್ತರ ಬರುತ್ತಿತ್ತು. ಅಮ್ಮನನ್ನು ಕಂಡದ್ದೇ ಸತೀಶ ಸ್ಪ್ಯಾನರನ್ನು ಅವಳ ಕೈಗಿಟ್ಟು, “ಅವ್ವ, ನಾನು ಕಲ್ಲು ಬಿಡಿಸಕ್ಕೆ ಇಳೀಬೇಕು. ನೀನು ಕುಟ್ತಾ ಇರು. ಕೈ ಬುಡಬ್ಯಾಡ,” ಎಂದು ಹೇಳಿ ಓಡಿದ. ಬೇರೇನನ್ನೂ ಹೇಳಲಿಲ್ಲ. ಹೇಳುತ್ತ ನಿಲ್ಲುವ ಹೊತ್ತೂ ಅದಾಗಿರಲಿಲ್ಲ.

ಅಮ್ಮ ಕುಟ್ಟತೊಡಗಿದಳು. ಟಣ್. ಕೆಳಗಿನಿಂದ ಟಣ್. ಅವಳು ಪೈಪಿಗೆ ಮುಖ ತಾಗಿಸಿ, “ಇದೀನಿ ಕಣೋ ಮಗ, ಇಲ್ಲೇ ಇದೀನಿ,” ಎನ್ನುತ್ತ ಮತ್ತೆ ಹೊಡೆಯುತ್ತಿದ್ದಳು. ಅಷ್ಟು ದೂರದಿಂದ ಉತ್ತರ ಬಂದಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಅಂಥ ದಿನವೂ ಅವಳು ನಕ್ಕಳು ಎಂದರೆ ಯಾರೂ ನಂಬಲಾರರು.

ಅಣ್ಣ ಬದುಕಿರುವುದೇನೋ ಗೊತ್ತಾಯಿತು, ಎಲ್ಲಿದ್ದಾನೆ ಎಂದು ಗೊತ್ತಾಗಲಿಲ್ಲ. ಕೆರೆಯ ಬಾಯಿಗೆ ಬಿದ್ದ ಕಲ್ಲು ಆನೆಯಷ್ಟಿತ್ತು. ಮಿಸುಕಾಡಿಸಿದರೆ ಮೇಲಿನ ಇನ್ನಷ್ಟು ಕಲ್ಲು ಜಾರುತ್ತಿತ್ತು. ಕೆರೆ ಖಾಲಿ ಮಾಡಲು ಎರಡು ದಿನವಾದರೂ ಬೇಕು. ಉಳಿದ ದಾರಿ ಒಂದೇ, ಮೇಲಿನಿಂದ ಕಣವನ್ನು ಕೊರೆದು ಅವನಿರುವ ಕಡೆ ತೂತು ಮಾಡುವುದು. ತಪ್ಪಾದ ಕಡೆ ಒಡೆದರೆ ಕಮಾನು ಅವನ ತಲೆಯ ಮೇಲೇ ಕೂರುವ ಭಯ. ಬೊಳ್ಳಮ್ಮ ಬಂದವರೇ, “ಕಣ ಹೋದರೆ ಹೋಗಲಿ, ಎಲ್ಲಿ ಬೇಕಾದರೂ ಒಡೆಯಿರಿ. ಆ ಹುಡುಗನನ್ನು ತೆಗೆಯಿರಿ,” ಎಂದರು. ಒಣಗಲು ಹರವಿದ್ದ ಕಾಫಿಯನ್ನು ಕೂಲಿ ಲೈನಿನ ಹೆಂಗಸರು ಗುಡಿಸಿ ಮೂಲೆಗೆ ರಾಶಿ ಹಾಕಿದರು. ಕಣದ ತುಂಬ ಜನ ಬೋರಲು ಮಲಗಿ ಸಿಮೆಂಟಿಗೆ ಕಿವಿ ಕೊಟ್ಟರು.

ಆ ನೋಟ ಬೇರೆ ದಿನವಾಗಿದ್ದರೆ ನಗು ತರಿಸುತ್ತಿತ್ತು. ಒಬ್ಬ ಇಲ್ಲಿದ್ದಾನೆ ಎನ್ನುತ್ತಾನೆ, ಇನ್ನೊಬ್ಬ ಅಲ್ಲಿ ಎನ್ನುತ್ತಾನೆ, ಮತ್ತೊಬ್ಬ ಪಂಪ್‌ಹೌಸಿನ ಗೋಡೆಗೆ ಕಿವಿಯಿಟ್ಟು ಇದರೊಳಗೇ ಇದ್ದಾನೆ ಎಂದು ಆಣೆ ಮಾಡುತ್ತಾನೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸದ್ದು ನಿಜವಾಗಿಯೂ ಎಲ್ಲ ಕಡೆಯಿಂದ ಬರುತ್ತಿತ್ತು. ಕಣದ ಪೂರ್ವದ ಮೂಲೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುತ್ತದೆ ಎಂದು ಹತ್ತು ಜನ ಒಪ್ಪಿಕೊಂಡ ಮೇಲೆ ಅಗ್ನಿಶಾಮಕದವರು ಅಲ್ಲೇ ಕೊರೆದರು. ಬಹಳ ಹೊತ್ತು ಕೊರೆದ ಮೇಲೆ ಕೆಳಗೆ ಸಿಕ್ಕಿದ್ದು ಗಟ್ಟಿ ಗೋಡೆ. ಅಣ್ಣನ ಸದ್ದು ಮಾತ್ರ ಆ ಗೋಡೆಯಿಂದಲೇ ಬಂದಂತೆ ಕೇಳುತ್ತಲೇ ಇತ್ತು. ನಾನು ಆ ಕಲ್ಲಿಗೆ ಬಾಯಿಗೆ ಬಂದಂತೆ ಬೈದೆ.

ಮಧ್ಯಾಹ್ನದ ಹೊತ್ತಿಗೆ ಚಿದಾನಂದ ಮಡಿಕೇರಿಯಿಂದ ಆದಿತ್ಯ ಮೇಷ್ಟ್ರನ್ನು ಕರೆಸಿದ. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರು, ದೇವಸ್ಥಾನದ ಅರ್ಚಕರ ಮನೆಯ ಹುಡುಗ. ಹಾರಂಗಿ ಹಿನ್ನೀರಿನಲ್ಲಿ ಮೀನುಗಳು ಮಾಡುವ ಸದ್ದನ್ನು ಕೇಳುತ್ತ ಕೂರುವ ಹುಚ್ಚು ಅವರಿಗಿತ್ತಂತೆ. ನೀರಿನೊಳಗೆ ಇಳಿಬಿಡುವ ನಾಲ್ಕು ಮೈಕುಗಳಿದ್ದ ಹಳದಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕಾರಿನಿಂದ ಇಳಿದರು. ಮೀನಿನ ಮೇಷ್ಟ್ರು ಬಂದು ನಮ್ಮಣ್ಣನನ್ನು ಹುಡುಕುತ್ತಾರಂತೆ ಎಂದು ನಾನು ಮನಸ್ಸಿನಲ್ಲೇ ಸಿಡುಕಿದೆ. ಆ ಮನುಷ್ಯ ಮಾತ್ರ ಯಾರ ಮುಖವನ್ನೂ ನೋಡದೆ, ಕಣದ ನಾಲ್ಕು ಕಡೆ ಇದ್ದ, ಕೈ ಮಾತ್ರ ತೂರುವಷ್ಟು ಅಗಲದ, ಕೂಗಿದರೆ ಪ್ರತಿಧ್ವನಿಯಲ್ಲಿ ಮಾತೇ ತಿಳಿಯದ ಹಳೆಯ ಗಾಳಿಕಿಂಡಿಗಳ ಮುಚ್ಚಳ ತೆಗೆಸಿ, ಮೈಕುಗಳನ್ನು ಕೆಳಗೆ ಬಿಟ್ಟು, ಲ್ಯಾಪ್‌ಟಾಪು ತೆರೆದು ಕುಳಿತರು.

ಚಿದಾನಂದ ಕೇಳಿದ್ದಕ್ಕೆ ಅವರು ಹೇಳಿದ್ದು ನನಗಿನ್ನೂ ನೆನಪಿದೆ. “ನೀವು ಹಂಡೆಯೊಳಗೆ ತಲೆ ಇಟ್ಟು ಕೂಗಿದ್ದೀರಾ? ಅದೇ ಥರ. ನೀರಲ್ಲಿ ಸದ್ದು ಗಾಳಿಗಿಂತ ತುಂಬ ಬೇಗ ಓಡುತ್ತೆ. ಸುತ್ತ ಕಲ್ಲು, ಮೇಲೆ ಕಮಾನು. ಅವರು ಒಂದು ಏಟು ಹೊಡೆದರೆ ಅದು ಗೋಡೆಯಿಂದ ಗೋಡೆಗೆ ಬಡಿದು ಸಾವಿರ ಸಲ ವಾಪಸ್ ಬರುತ್ತೆ. ಎಲ್ಲಿ ಜೋರಾಗಿ ಕೇಳುತ್ತೋ ಅಲ್ಲಿ ಅವರಿಲ್ಲ, ಅಲ್ಲಿ ಪ್ರತಿಧ್ವನಿಗಳೆಲ್ಲ ಒಟ್ಟು ಸೇರಿವೆ ಅಷ್ಟೇ. ನನಗೆ ಬೇಕಾಗಿರೋದು ಮೊಟ್ಟಮೊದಲು ಬರೋ ಸದ್ದು. ಅದೊಂದೇ ನೇರವಾಗಿ ಬರೋದು. ಅದು ನಾಲ್ಕು ಮೈಕಿಗೆ ಯಾವ ಯಾವ ಹೊತ್ತಿಗೆ ಮುಟ್ಟಿತು ಅಂತ ಗೊತ್ತಾದರೆ ಜಾಗ ಸಿಗುತ್ತೆ.”

ಹೇಳಿದಷ್ಟು ಸುಲಭವಿರಲಿಲ್ಲ. ಅವರು ಮತ್ತೆ ಮತ್ತೆ ನೋಡಿದರು, ತಲೆ ಅಲ್ಲಾಡಿಸಿದರು. ಕೊರೆಯುವ ಯಂತ್ರ ನಿಲ್ಲಿಸಿದರು. ಜನರಿಗೆ ಅಲ್ಲಾಡದೆ ಕೂರಲು ಹೇಳಿದರು. ಸತೀಶ ಕೆರೆಯೊಳಗೆ ಕಲ್ಲಿಗೆ ಸರಪಳಿ ಸುತ್ತುತ್ತಿದ್ದ, ಅವನ ಕಂಪ್ರೆಸರನ್ನು ಮಾತ್ರ ನಿಲ್ಲಿಸುವ ಹಾಗಿರಲಿಲ್ಲ. ಅದು ಒಂದೇ ಸಮ ಗುಂಯ್ ಅನ್ನುವುದರಿಂದ ಅದನ್ನು ಸೋಸಿ ತೆಗೆಯಬಹುದು, ತೊಂದರೆ ಇಲ್ಲ ಎಂದರು. ತೊಂದರೆ ಇದ್ದದ್ದು ನಮ್ಮಮ್ಮನ ಏಟಿನಿಂದ. ಅವಳು ಹೊಡೆದದ್ದು ತೊಟ್ಟಿಯೊಳಗೆ ಅನುರಣಿಸಿ ಅಡಗುವ ಮೊದಲೇ ಅಣ್ಣನ ಉತ್ತರ ಬರುತ್ತಿತ್ತು, ಆ ಉತ್ತರದ ಮೊದಲ ಸದ್ದು ಅಮ್ಮನ ಏಟಿನ ಬಾಲದಲ್ಲಿ ಮುಳುಗಿಹೋಗುತ್ತಿತ್ತು. ತಾಯಿ-ಮಗ ಇಬ್ಬರ ಕೈಯಲ್ಲೂ ಒಂದೇ ಥರದ ಸ್ಪ್ಯಾನರು, ಏಟು ಕೂಡ ಒಂದೇ ಥರ.

ಮೇಷ್ಟ್ರು ಪಂಪ್‌ಹೌಸಿಗೆ ಬಂದು ಅಮ್ಮನ ಎದುರು ಕುಕ್ಕರುಗಾಲಲ್ಲಿ ಕುಳಿತರು. “ಅಮ್ಮಾ, ಒಂದೈದು ನಿಮಿಷ ಕುಟ್ಟೋದು ನಿಲ್ಲಿಸ್ತೀರಾ? ಅವರೊಬ್ಬರೇ ಕುಟ್ಟಿದರೆ ನನಗೆ ಜಾಗ ಸಿಗುತ್ತೆ.”

ಅಮ್ಮ ಕೈ ನಿಲ್ಲಿಸದೆಯೇ, “ಆಗಕಿಲ್ಲ ಸ್ವಾಮಿ. ನಿಲ್ಸುದ್ರೆ ಎಲ್ರೂ ಬುಟ್ಟೋದ್ರು ಅಂದ್ಕತಾನೆ ನನ್ ಮಗ,” ಎಂದಳು.

“ಐದೇ ನಿಮಿಷ. ಆಮೇಲೆ ಎಷ್ಟು ಬೇಕಾದರೂ ಕುಟ್ಟಿ.”

“ಸತೀಸ ಕೈ ಬುಡಬ್ಯಾಡ ಅಂದವ್ನೆ.”

ಸತೀಶನನ್ನು ಕೇಳೋಣವೆಂದರೆ ಅವನು ನೀರಿನಡಿಯಲ್ಲಿದ್ದ. ಹೊತ್ತು ಇಳಿಯುತ್ತಿತ್ತು. ಅಣ್ಣನ ಏಟುಗಳು ಮೊದಲಿಗಿಂತ ನಿಧಾನವಾಗಿದ್ದವು. ಮೇಷ್ಟ್ರು ಕೈ ಮುಗಿದರು. ಬೊಳ್ಳಮ್ಮ, “ಕಾಳಮ್ಮ, ಅವರು ನಿನ್ನ ಮಗನಿಗಾಗಿಯೇ ಕೇಳುತ್ತಿದ್ದಾರೆ,” ಎಂದು ಅವಳ ಬೆನ್ನ ಮೇಲೆ ಕೈಯಿಟ್ಟರು. ಅಮ್ಮ ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ. ಯಾರಾಗಿದ್ದರೂ ಹೂಂ ಎನ್ನುತ್ತಿದ್ದರು. ಈ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದರೂ ಅಲ್ಲಿ ತಪ್ಪು ಮಾಡಿದವರು ಒಬ್ಬರೂ ಸಿಗುವುದಿಲ್ಲ. ಒಬ್ಬರಾದರೂ ಸಿಕ್ಕಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಮಣ್ಣು ತೂರಿ ಬರುತ್ತಿದ್ದೆ, ನನ್ನ ಹೊಟ್ಟೆ ಸ್ವಲ್ಪವಾದರೂ ತಣ್ಣಗಾಗುತ್ತಿತ್ತು.

ಅಮ್ಮ ಪೈಪಿಗೆ ಬಾಯಿ ಹಚ್ಚಿ, “ಹೆದರ್ಕಬ್ಯಾಡ ಮಗ, ಈಗ್ ಬತ್ತೀನಿ,” ಎಂದು ಹೇಳಿ ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡಳು.

ಕಣವೆಲ್ಲ ಸ್ತಬ್ಧವಾಯಿತು. ಕೆಳಗಿನಿಂದ ಒಂದು ಏಟು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಬೇಗ ಬೇಗ ಒಂದಷ್ಟು ಏಟು, ಏನೋ ಕೇಳುವವನ ಹಾಗೆ. ಅಮ್ಮನ ಕೈ ತಾನಾಗಿ ಮೇಲೆದ್ದಿತು, ನಾನು ಅದನ್ನು ಹಿಡಿದುಕೊಂಡೆ. ಮತ್ತೆ ಒಂದು ಏಟು. ಆಮೇಲೆ ಏನೂ ಕೇಳಿಸಲಿಲ್ಲ.

ಪಂಪ್‌ಹೌಸಿನ ಬಾಗಿಲಿನಿಂದ ಕೆರೆ ಕಾಣುತ್ತದೆ. ನೀರೊಡೆದು ಸತೀಶನ ತಲೆ ಮೇಲೆ ಬಂತು. ಅವನು ಗಾಳಿಪೈಪನ್ನು ಬಾಯಿಂದ ಕಿತ್ತು ದಡಕ್ಕೆ ಈಜಿ, ನೀರು ಸುರಿಸುತ್ತ ಓಡಿ ಬಂದ. “ಏನಾಯ್ತವ್ವ? ಯಾರು ಮೋಟ್ರು ಆನ್ ಮಾಡ್ದೋರು?”

“ಯಾರೂ ಮಾಡಿಲ್ಲ ಕಣೋ. ಮೇಷ್ಟ್ರು ಒಂಚೂರು ಕುಟ್ಟೋದು ನಿಲ್ಸಿ ಅಂದ್ರು,” ಎಂದಳು ಅಮ್ಮ.

ಸತೀಶ ಅಮ್ಮನ ಮಡಿಲಿನಿಂದ ಸ್ಪ್ಯಾನರನ್ನು ಕಿತ್ತುಕೊಂಡು ಪೈಪಿಗೆ ಹೊಡೆದ, ಹೊಡೆದ, ಪೈಪಿನ ಬಣ್ಣ ಎದ್ದು ಬರುವ ಹಾಗೆ ಹೊಡೆದ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಕಣದ ಕಡೆಯಿಂದ ಆದಿತ್ಯ ಮೇಷ್ಟ್ರು ಕೂಗುವುದು ಕೇಳಿತು. “ಸಿಕ್ಕಿತು! ಜಾಗ ಸಿಕ್ಕಿತು! ಇಲ್ಲೇ, ಈ ಎರಡನೇ ಕಿಂಡಿಯ ಹತ್ತಿರ!” ಜನ ಹೋ ಎಂದರು. ಯಾರೋ ಶಿಳ್ಳೆ ಹಾಕಿದರು. ಅಮ್ಮ ಎರಡೂ ಕೈ ಎತ್ತಿ ತಲಕಾವೇರಿಯ ದಿಕ್ಕಿಗೆ ಮುಗಿದಳು.

ಮೇಷ್ಟ್ರು ತೋರಿಸಿದ ಕಡೆ ಕೊರೆಯುವ ಯಂತ್ರ ಶುರುವಾಯಿತು. ಸ್ಪ್ಯಾನರನ್ನು ಅಮ್ಮನ ಕೈಗೆ ಕೊಟ್ಟು ಸತೀಶ ಪಂಪ್‌ಹೌಸಿನ ಹಿಂದಕ್ಕೆ ಹೋದ. ನಾನೂ ಹೋದೆ. ಅವನು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ನಮ್ಮ ಹಿಂದೆಯೇ ಬಂದ ಮೇಷ್ಟ್ರು, “ಯಾಕೆ? ಅವರಿರೋ ಜಾಗ ಸಿಕ್ಕಿದೆ, ಗಾಳಿಕಿಂಡಿ ಹತ್ತಿರವೇ ಇದೆ, ಗಾಳಿಗೂ ತೊಂದರೆಯಿಲ್ಲ,” ಎಂದರು.

“ಅವ್ನು ಅಲ್ಲಿಲ್ಲ ಸರ್,” ಎಂದ ಸತೀಶ. “ಎದ್ದು ಹೊಂಟೋದ.”

ಆಮೇಲೆ ಹೇಳಿದ. ಎಷ್ಟೋ ವರ್ಷದ ಹಿಂದೆ ಅಪ್ಪ ಒಂದು ಪೈಪಿನ ಬಾಯಿಗೆ ಕೈ ಹಾಕಿಕೊಂಡಿದ್ದಾಗ ಯಾರೋ ತಿಳಿಯದೆ ಮೋಟಾರು ಹಾಕಿ ಅಪ್ಪನ ಎರಡು ಬೆರಳು ಹೋದವು. ಅಂದಿನಿಂದ ಅಪ್ಪ ಒಂದು ಕಟ್ಟಳೆ ಮಾಡಿದ. ಮೇಲಿನವನು ಕುಟ್ಟುತ್ತಿರುವವರೆಗೆ ಕೆಳಗಿನವನು ಇದ್ದಲ್ಲೇ ಇರಬೇಕು. ಕುಟ್ಟು ನಿಂತಿತೋ, ಹಿಡಿದ ಕೆಲಸ ಬಿಟ್ಟು, ಹಿಂದೆ ಮುಂದೆ ಯೋಚಿಸದೆ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ. ಕೂಗಿ ಹೇಳಿದರೆ ನೀರಿನಡಿ ಕೇಳುವುದಿಲ್ಲವಲ್ಲ, ಸದ್ದು ನಿಲ್ಲುವುದೊಂದೇ ಅಲ್ಲಿ ತಿಳಿಯುವ ಮಾತು. ಅಣ್ಣ-ತಮ್ಮ ಹುಡುಗರಾಗಿದ್ದಾಗಿನಿಂದ ಹಾಗೇ ಮಾಡಿದ್ದರು, ಕೈಕಾಲಿಗೆ ಅದು ಅಂಟಿಹೋಗಿತ್ತು. ಕೆರೆಯ ಆ ಬದಿಯಲ್ಲಿದ್ದ ಸತೀಶನೂ ಸದ್ದು ನಿಂತ ಕೂಡಲೇ ಸರಪಳಿ ಕೈಬಿಟ್ಟು ಬಂದಿದ್ದ.

“ಕಲ್ಲು ಸರಿಸಿದ್ರು, ದಾರಿ ಆಯ್ತು, ಅದಕ್ಕೇ ನಿಲ್ಸುದ್ರು ಅಂದ್ಕಂಡಿರ್ತಾನೆ. ಉಸ್ರು ಹಿಡ್ಕಂಡು ಬಾಯಿ ಹತ್ರ ಬಂದಿರ್ತಾನೆ. ಕತ್ಲಲ್ಲಿ ವಾಪಸ್ ಹೋಗಕ್ಕೆ ಆಯ್ತದಾ?” ಎಂದು ನನ್ನನ್ನೇ ಕೇಳಿದ.

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ನಾನು ಅವರನ್ನು ಹೊಡೆಯುತ್ತೇನೇನೋ ಎಂದುಕೊಂಡೆ, ಕೈ ಏಳಲಿಲ್ಲ. ಪಂಪ್‌ಹೌಸಿನೊಳಗಿಂದ ಅಮ್ಮನ ಟಣ್ ಟಣ್ ಕೇಳುತ್ತಲೇ ಇತ್ತು. ಸತೀಶ ನನ್ನ ಎರಡೂ ಭುಜ ಹಿಡಿದು, “ಅವ್ವಂಗೆ ಗೊತ್ತಾಗಬಾರ್ದು ಅಕ್ಕ. ಗಾಳಿ ಮುಗೀತು ಅನ್ನು. ಸರ್, ನೀವೂ ಅಷ್ಟೇ,” ಎಂದ. ಹಾಗೆ ಹೇಳಿ ಮತ್ತೆ ಕೆರೆಗೆ ಇಳಿದ.

ಮೇಷ್ಟ್ರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವರು ಗೆರೆ ಎಳೆದ ಕಡೆ ಕೊರೆದಾಗ ಕೆಳಗೆ ಒಂದು ಕಂಬದ ತಲೆ, ಅದರ ಮೇಲೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಟಾರ್ಚು ಬಿಟ್ಟು ನೋಡಿದರು. ಕಲ್ಲಿನ ಮೇಲೆ ಸ್ಪ್ಯಾನರು ತಾಗಿದ ಬಿಳಿ ಗುರುತುಗಳಿದ್ದವು, ಗಾಳಿಪೈಪಿನ ಒಂದು ತುಂಡು ಇತ್ತು. ಅಣ್ಣ ಇರಲಿಲ್ಲ. ಒಳಗಿನ ಗಾಳಿ ಚೆನ್ನಾಗಿಯೇ ಇದೆ, ನಾಳೆಯವರೆಗೂ ಇರಬಹುದಿತ್ತು ಎಂದು ಅಗ್ನಿಶಾಮಕದವನೊಬ್ಬ ಅಂದ. ನಾನು ಅವನ ಬಾಯಿ ಮುಚ್ಚಿಸಿದೆ.

ಹೊತ್ತು ಮುಳುಗುವ ಮುಂಚೆ ಸರಪಳಿ ಎಳೆದು ಕಲ್ಲನ್ನು ಒಂದು ಮಗ್ಗುಲಿಗೆ ಹೊರಳಿಸಿದರು. ಅಣ್ಣ ಅದರ ಹಿಂದೆಯೇ ಇದ್ದ, ಕಲ್ಲಿಗೆ ಎರಡೂ ಅಂಗೈ ಒತ್ತಿಕೊಂಡು. ಆಚೆ ಬದಿಯಲ್ಲಿ ಸತೀಶ, ಈಚೆ ಬದಿಯಲ್ಲಿ ಅಣ್ಣ, ನಡುವೆ ಅದೊಂದೇ ಕಲ್ಲು. ಸತೀಶ ಅವನನ್ನು ಅಪ್ಪಿಕೊಂಡೇ ಮೇಲಕ್ಕೆ ತಂದ, ದಡದಲ್ಲಿ ಕೈ ಬಿಡಿಸಲು ಮೂವರು ಬೇಕಾಯಿತು. ಅಮ್ಮ ಮಗನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿದಳು, ನೆಗಡಿಯಾಗುತ್ತದೆ ಎನ್ನುವ ಹಾಗೆ ಕಿವಿಯನ್ನೂ ಒರೆಸಿದಳು. ಗಾಳಿ ಮುಗಿದಿತ್ತವ್ವ ಎಂದು ಸತೀಶ ಹೇಳಿದ. ಅವಳು ತಲೆಯಾಡಿಸಿದಳು.

ಆಮೇಲೆ ಒಂದು ವರ್ಷ ನಾವು ಬದುಕಿದೆವು. ಅದನ್ನು ಬದುಕು ಎನ್ನುವುದಾದರೆ. ನಾಪೋಕ್ಲಿನ ಹುಡುಗಿ ಒಂದು ಸಲ ಬಂದು ಅಮ್ಮನ ಪಕ್ಕ ಕುಳಿತು ಅತ್ತು ಹೋದಳು. ಆದಿತ್ಯ ಮೇಷ್ಟ್ರು ಆಗಾಗ ಬರುತ್ತಿದ್ದರು. ಬಂದು ಒಂದು ಲೋಟ ಕಾಫಿ ಕುಡಿಯಲೂ ಆಗದೆ ಕೂರುತ್ತಿದ್ದರು. ಅಮ್ಮ ಅವರಿಗೇ ಸಮಾಧಾನ ಹೇಳುತ್ತಿದ್ದಳು. “ನೀವು ಜಾಗ ಸರ್ಯಾಗೇ ಹೇಳುದ್ರಿ. ಗಾಳಿ ಮುಗಿದ್ರೆ ನೀವೇನ್ ಮಾಡಕ್ಕಾಯ್ತದೆ? ನನ್ ಮಗನ್ ಜೊತೆ ಕಡೇವರ್ಗೂ ಮಾತಾಡ್ದೆ ನಾನು, ಅದೊಂದು ಪುಣ್ಯ.” ಆ ಮಾತು ಬಂದಾಗಲೆಲ್ಲ ಮೇಷ್ಟ್ರು ಎದ್ದು ಹೊರಗೆ ಹೋಗುತ್ತಿದ್ದರು. ಅಮ್ಮ ಅನ್ನ ತಿನ್ನುತ್ತಿದ್ದದ್ದು, ನಿದ್ದೆ ಮಾಡುತ್ತಿದ್ದದ್ದು ಆ ಒಂದು ಪುಣ್ಯದ ಮೇಲೆ ಎಂದು ನಮಗೆ ಗೊತ್ತಿತ್ತು. ಕಡೆಯ ಗಳಿಗೆಯವರೆಗೆ ಮಗ ಒಬ್ಬನೇ ಇರಲಿಲ್ಲ, ತಾನು ಜೊತೆಗಿದ್ದೆ ಎಂಬುದು.

ಸತೀಶ ಆ ವರ್ಷವೆಲ್ಲ ನೀರಿಗಿಳಿಯಲಿಲ್ಲ. ಹೊಲ ನೋಡಿಕೊಂಡ, ಟ್ರ್ಯಾಕ್ಟರು ಓಡಿಸಿದ. ಮತ್ತೆ ಹೂವಿನ ಕಾಲ ಬಂತು. ತಿತಿಮತಿಯ ಕಡೆಯವರೊಬ್ಬರ ಬಾವಿಯಲ್ಲಿ ಪಂಪು ಸಿಕ್ಕಿಕೊಂಡು, ಬೇರೆ ಯಾರೂ ಸಿಗದೆ, ಅವರು ಮೂರು ಸಲ ಫೋನು ಮಾಡಿದರು. ನಾಲ್ಕನೆಯ ಸಲ ಇವನು ಆಗಲಿ ಎಂದ. ನನಗೆ ಇಷ್ಟವಿರಲಿಲ್ಲ. ಆದರೂ ಅವನು ಅಂಗಳದಲ್ಲಿ ಕಂಪ್ರೆಸರನ್ನು ತೊಳೆದಿಟ್ಟು, ಗಾಳಿಪೈಪನ್ನು ಉದ್ದಕ್ಕೆ ಬಿಡಿಸಿ ತೂತಿದೆಯೇ ಎಂದು ನೋಡುತ್ತಿದ್ದರೆ, ಮನೆಯಲ್ಲಿ ಏನೋ ಒಂದು ಮತ್ತೆ ಶುರುವಾದ ಹಾಗನ್ನಿಸಿತು.

ಅಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. “ಮೇಲೆ ಕುಟ್ಟಕ್ಕೆ ಯಾರ್ ಬತ್ತಾರೆ?” ಎಂದಳು.

“ಅಲ್ಲೇ ಯಾರಾದ್ರೂ ಆಳು ಸಿಕ್ತಾರೆ.”

“ಕಂಡೋರ ಕೈಗೆ ಯಾಕೆ? ನಾನ್ ಬತ್ತೀನಿ. ಅವತ್ತು ಅಷ್ಟೊತ್ತು ಕುಟ್ಟಿವ್ನಿ, ಕೈಗೆ ರೂಢಿ ಆಗದೆ.”

“ಬ್ಯಾಡ ಬುಡವ್ವ.”

“ಯಾಕೆ ಬ್ಯಾಡ? ನಾನ್ ಜೊತೆಗಿದ್ದೂ ಒಬ್ಬನ್ನ ಕಳ್ಕಂಡೆ ಅಂತ ಇನ್ನೊಬ್ಬನ್ನ ಒಬ್ಬನ್ನೇ ಬುಡ್ಲಾ?” ಅವಳು ಅವರೆಕಾಯಿಯನ್ನು ಪಕ್ಕಕ್ಕಿಟ್ಟು ಅಂಗಳಕ್ಕಿಳಿದಳು, ಸ್ಪ್ಯಾನರನ್ನು ಕೈಗೆತ್ತಿಕೊಂಡಳು. ಒಂದು ವರ್ಷದಲ್ಲಿ ಅವಳ ದನಿಯಲ್ಲಿ ಅಷ್ಟು ಉತ್ಸಾಹ ನಾನು ಕೇಳಿರಲಿಲ್ಲ. “ಸರ್ಯಾಗಿ ಹೇಳ್ಕೊಡು. ಎಷ್ಟು ಜೋರಾಗಿ ಹೊಡೀಬೇಕು?”

“ಸುಮಾರಾಗಿ.”

“ಯಾವಾಗ ನಿಲ್ಸಬೇಕು?”

ಸತೀಶ ಪೈಪಿನಿಂದ ತಲೆ ಎತ್ತಲಿಲ್ಲ. “ನಿಲ್ಸಂಗಿಲ್ಲ.”

“ಅದು ಸರಿ ಕಣೋ. ಅಕಸ್ಮಾತ್ ಯಾರೋ ಬಂದು ಮೋಟ್ರು ಹಾಕ್ತಾರೆ ಅಂತ ಇಟ್ಕೋ, ನಿಂಗೆ ನಾನ್ ಹೆಂಗ್ ತಿಳುಸ್ಲಿ?”

ಅವನು ಪೈಪಿನಲ್ಲಿ ತೂತು ಹುಡುಕುತ್ತಲೇ ಇದ್ದ. ನಾನೇ ನಡುವೆ ಬಾಯಿ ಹಾಕಿ, “ಹಗ್ಗ ಜಗ್ಗಬೇಕವ್ವ,” ಎಂದೆ.

ಅಮ್ಮ ಅಂಗಳದಲ್ಲಿ ಹರಡಿದ್ದ ಸಾಮಾನನ್ನೆಲ್ಲ ಒಂದು ಸುತ್ತು ನೋಡಿದಳು. “ಹಗ್ಗ ಎಲ್ಲದೆ?”

ಹಗ್ಗ ಇರಲಿಲ್ಲ. ಅವರು ಯಾವತ್ತೂ ಹಗ್ಗ ಕಟ್ಟಿಕೊಂಡು ಇಳಿದವರಲ್ಲ, ಅದು ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು. ಅಮ್ಮ ನನ್ನ ಮುಖ ನೋಡಿದಳು, ಸತೀಶನ ಮುಖ ನೋಡಿದಳು. ಅವಳ ಉತ್ಸಾಹ ಇಳಿಯುವುದು ನನಗೆ ಕಂಡಿತು.

“ಸತೀಸ,” ಎಂದಳು. “ಅವತ್ತು ನಾನು ಕುಟ್ಟೋದು ನಿಲ್ಸಿದ್ ತಕ್ಷಣ ನೀನು ನೀರಿಂದ ಎದ್ದು ಓಡ್ ಬಂದೆ. ನಿನ್ನ ಯಾರೂ ಕರ್ದಿರ್ಲಿಲ್ಲ. ಬಂದವನೇ ಯಾರು ಮೋಟ್ರು ಹಾಕ್ದೋರು ಅಂತ ಕೇಳ್ದೆ.”

ಸತೀಶ ಗಾಳಿಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಅಳತೊಡಗಿದ. ಅಣ್ಣನನ್ನು ಎತ್ತಿ ತಂದ ದಿನ ಕೂಡ ಅವನು ಹಾಗೆ ಅತ್ತಿರಲಿಲ್ಲ. ಅಲ್ಲವ್ವ, ಹಾಗಲ್ಲ ಎನ್ನಬೇಕೆಂದು ನಾನು ಮುಂದೆ ಹೋದೆ. ಒಂದು ವರ್ಷ ಎಲ್ಲರ ಮುಂದೆ ಸಲೀಸಾಗಿ ಹೇಳಿದ ಸುಳ್ಳು ಆಗ ನನ್ನ ಬಾಯಿಗೆ ಬರಲಿಲ್ಲ.

ಅಮ್ಮ ಅಂಗಳದ ಮಣ್ಣಿನಲ್ಲಿ ಕುಳಿತಳು. ಸ್ವಲ್ಪ ಹೊತ್ತು ತನ್ನ ಬಲಗೈಯನ್ನೇ ನೋಡುತ್ತಿದ್ದಳು.

“ಕರೆದ್ರೆ ಬರ್ತಿದ್ದ ಕಣೋ ಅವ್ನು,” ಎಂದಳು. “ಎಲ್ಲಿದ್ರೂ, ನಾನ್ ಕರೆದ್ರೆ ಬರ್ತಿದ್ದ.”